ನಾಲ್ಕು ಕಡ್ಡಿ, ಎರಡು ಬೆರಳು

೧

ಈ ಕಥೆಯನ್ನು ಯಾವ ತುದಿಯಿಂದ ಹಿಡಿಯಬೇಕೆಂದು ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಮೊದಲು ಗರಗಸದಿಂದ ಶುರು ಮಾಡಿದೆ: 'ಮಧ್ಯಾಹ್ನ ಎರಡೂಕಾಲಿಗೆ ಯಂತ್ರದ ಗರಗಸ ಬಡಗಿಯ ಬಲಗೈಯ ಎರಡು ಬೆರಳನ್ನು ಕಚ್ಚಿ ತಿಂದಿತು.' ಅಳಿಸಿಬಿಟ್ಟೆ. ಕಚ್ಚಿ ತಿಂದಿತಂತೆ! ಬೆರಳು ಹೋದದ್ದು ಅವರದು, ಅಲಂಕಾರ ನನ್ನದು.

ಆಮೇಲೆ ಮೊಬೈಲ್ ಟವರಿನಿಂದ ಶುರು ಮಾಡಿದೆ. ಅರ್ಧ ಪುಟಕ್ಕೇ ಅದು ವಾಚಕರ ವಾಣಿಗೆ ಬರೆದ ಪತ್ರದಂತಾಯಿತು. ಅದನ್ನೂ ಹರಿದುಹಾಕಿದೆ.

ಎದುರಿಗೆ ಕೂತಿದ್ದ ದುಭಾಷಿಗೆ ತಾಳ್ಮೆ ತಪ್ಪಿತು.

"ನನ್ನಿಂದ ಶುರು ಮಾಡಿ. ತಪ್ಪು ಮಾಡಿದ್ದು ನಾನು."

"ತಪ್ಪು ನೆಟ್‌ವರ್ಕಿಂದಲ್ವಾ?"

"ಅದನ್ನ ಓದೋರು ಹೇಳ್ಲಿ. ನೀವು ಮೊದಲೇ ನನ್ನ ಪರ ವಕಾಲತ್ತು ಹಾಕ್ಬೇಡಿ."

೨

ಸರಿ. ಅವಳ ಕೆಲಸ ಕಿವಿ ಕೇಳದವರ ಸನ್ನೆಯನ್ನು ಮಾತಾಗಿಸುವುದು, ಮಾತನ್ನು ಸನ್ನೆಯಾಗಿಸುವುದು. ವಯಸ್ಸು ಮೂವತ್ತನಾಲ್ಕು. ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು. ಹಾಗಾಗಿ ಮಗಳು ನಾಲಿಗೆ ತಿರುಗುವ ಮೊದಲೇ ಕೈಯಲ್ಲಿ ಮಾತು ಕಲಿತಳು. ತಾಯಿ ಮಗಳು ಇಬ್ಬರೇ ಇರುವ ಮನೆಯ ಮುಂದಿನ ಕೋಣೆಯಲ್ಲಿ, ಗೋಡೆಗೆ ಬೂದು ಬಣ್ಣದ ಬಟ್ಟೆ ಕಟ್ಟಿ, ಫೋನನ್ನು ಬಿಸ್ಕತ್ತಿನ ಡಬ್ಬಿಗೆ ಒರಗಿಸಿಕೊಂಡು ಅವಳು ಕೆಲಸಕ್ಕೆ ಕೂರುತ್ತಾಳೆ. ಆಸ್ಪತ್ರೆಯಿಂದ, ಬ್ಯಾಂಕಿನಿಂದ, ಪೊಲೀಸ್ ಠಾಣೆಯಿಂದ ವಿಡಿಯೋ ಕಾಲ್ ಬರುತ್ತದೆ.

ಕೆಲಸ ಕೊಡುವ ಏಜೆನ್ಸಿ ಅವಳಿಂದ ಕೇಳಿದ್ದು ಒಂದೇ ಸಾಕ್ಷಿ: ಫೋನಿನ ಮೇಲ್ತುದಿಯಲ್ಲಿ 'ಫೈವ್‌ಜಿ' ಎಂದು ಕಾಣುವ ಸ್ಕ್ರೀನ್‌ಶಾಟ್. ಕಳಿಸಿದಳು. ಸಿಗ್ನಲ್ಲಿನ ನಾಲ್ಕೂ ಕಡ್ಡಿ ನೆಟ್ಟಗೆ ನಿಂತಿದ್ದವು. ಚಿತ್ರ ಮಾತ್ರ ಕುಂಟುತ್ತಿತ್ತು. ಮಾತಾದರೆ ಕಡಿದು ಕಡಿದು ಬಂದರೂ ಹೇಗೋ ಕೂಡಿಸಿಕೊಳ್ಳಬಹುದು. ಕೈ ನಿಂತುಬಿಟ್ಟರೆ ಮಾತೇ ನಿಂತ ಹಾಗೆ. ಮೂರು ಸಲ ಮೊಬೈಲ್ ಕಂಪನಿಗೆ ಫೋನ್ ಮಾಡಿದಳು.

"ಮೇಡಂ, ನಿಮ್ಮ ಫೋನಲ್ಲಿ ಫೈವ್‌ಜಿ ಅಂತ ತೋರಿಸ್ತಿದೆಯಾ?"

"ತೋರಿಸ್ತಿದೆ. ಓಡ್ತಿಲ್ಲ."

"ತೋರಿಸ್ತಿದೆ ಅಂದ್ರೆ ಹತ್ತಿರದಲ್ಲಿ ಫೈವ್‌ಜಿ ಲಭ್ಯ ಇದೆ ಅಂತ, ಮೇಡಂ. ನೀವು ಅದರಲ್ಲೇ ಇದ್ದೀರ ಅಂತ ಅಲ್ಲ."

"ಹಾಗಾದ್ರೆ ನಾನು ಯಾವುದರಲ್ಲಿದ್ದೀನಿ?"

"ಫೋನ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ, ಮೇಡಂ."

(ಇಲ್ಲಿ ನಗಲಿ ಎಂದೇ ಬರೆದಿದ್ದೇನೆ. ನಗುವುದಿದ್ದರೆ ಇಲ್ಲೇ ಮುಗಿಸಿಕೊಳ್ಳಿ. ಮುಂದೆ ಜಾಗ ಸಿಗುವುದಿಲ್ಲ.)

ಕಾಲ್ ನಡುವೆ ಕಡಿದುಹೋಯಿತೆಂದು ಆ ತಿಂಗಳು ಅವಳ ಮೇಲೆ ಎರಡು ದೂರು ಬಿದ್ದಿದ್ದವು. ಮೂರನೆಯದಾದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದು ಏಜೆನ್ಸಿ ಮೆಸೇಜು ಕಳಿಸಿತ್ತು.

೩

ಗರಗಸದ ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಆಸ್ಪತ್ರೆಯಿಂದ ಕಾಲ್ ಬಂತು. ನರ್ಸು ಹಿಡಿದಿದ್ದ ಫೋನಿನಲ್ಲಿ ಕಂಡ ಮುಖ ದುಭಾಷಿಗೆ ಗೊತ್ತಿದ್ದದ್ದೇ. ಅಮ್ಮನ ಜೊತೆ ಕಿವುಡರ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದ ಬಡಗಿ. ಚಿಕ್ಕಂದಿನಿಂದ ಅವಳು 'ಮಾವ' ಎಂದೇ ಕರೆದವರು. ಬಲಗೈಗೆ ಒದ್ದೆ ಕೆಂಪು ಬಟ್ಟೆ ಸುತ್ತಿತ್ತು. ಉಳಿದದ್ದು ಎಡಗೈ, ಹೇಳುವುದನ್ನೆಲ್ಲ ಅದೊಂದರಲ್ಲೇ ಹೇಳಬೇಕು.

ಡಾಕ್ಟರು ಅವಸರದಲ್ಲಿದ್ದರು. "ಮೇಡಂ, ಇವರಿಗೆ ಹೇಳಿ. ತೋರುಬೆರಳು, ನಡುಬೆರಳು ಎರಡೂ ತುಂಡಾಗಿವೆ. ಇಲ್ಲೇ ಆದ್ರೆ ಗಾಯಕ್ಕೆ ಹೊಲಿಗೆ ಹಾಕ್ತೀವಿ ಅಷ್ಟೆ. ದೊಡ್ಡ ಆಸ್ಪತ್ರೆಗೆ ಹೋದ್ರೆ ಮತ್ತೆ ಜೋಡಿಸಬಹುದೇನೋ, ಗ್ಯಾರಂಟಿ ಇಲ್ಲ. ಹೋಗೋದಾದ್ರೆ ಈಗಲೇ ಹೊರಡಬೇಕು. ಏನ್ಮಾಡ್ಲಿ, ಕೇಳಿ."

ಅವಳು ಕೈಯಲ್ಲಿ ಕೇಳಿದಳು. ಬಡಗಿ ಎಡಗೈ ಎತ್ತಿದರು. ಚಿತ್ರ ನಿಂತಿತು. ಮತ್ತೆ ಕೇಳಿದಳು. ಮತ್ತೆ ನಿಂತಿತು. ನಾಲ್ಕು ಸಲ ಹೀಗಾಯಿತು. ಮೇಲ್ತುದಿಯಲ್ಲಿ ಫೈವ್‌ಜಿ ಅಲುಗಾಡದೆ ಕೂತಿತ್ತು.

"ಮೇಡಂ, ಟೈಮಿಲ್ಲ," ಎಂದರು ಡಾಕ್ಟರು.

ಐದನೆಯ ಸಲ ಅವಳಿಗೆ ಕಂಡದ್ದು ಇಷ್ಟು: ಬಡಗಿ ನೆಲದ ಕಡೆ ಬೆರಳು ತೋರಿಸಿದರು, 'ಇಲ್ಲಿ'. ಕೈ ಗಾಳಿಯಲ್ಲೇ ಹೆಪ್ಪುಗಟ್ಟಿತು. ಆಮೇಲೆ ಹೆಬ್ಬೆರಳು, 'ಸರಿ'.

ಇಲ್ಲಿ. ಸರಿ.

"ಇಲ್ಲೇ ಮಾಡಿ ಅಂತಿದಾರೆ," ಎಂದಳು ದುಭಾಷಿ.

ಬಡಗಿಗೂ ತಿಳಿಸಿದಳು: 'ದೊಡ್ಡ ಆಸ್ಪತ್ರೆಗೆ ಹೋಗೋದು ಬೇಡ, ಇಲ್ಲೇ ಮಾಡ್ತಾರೆ, ಸಹಿ ಹಾಕಿ.' ಅವರು ತಲೆಯಾಡಿಸಿ ಇಂಗ್ಲಿಷಿನ ಫಾರಮ್ಮಿಗೆ ಎಡಗೈಯಲ್ಲಿ ಸಹಿ ಹಾಕಿದರು. ಕಾಲ್ ಮುಗಿಯಿತು. ಪೂರ್ತಿಯಾಗಿ ಮುಗಿಯಿತು, ನಡುವೆ ಕಡಿಯಲಿಲ್ಲ. ಅವಳಿಗೆ ಸಮಾಧಾನವಾದದ್ದು ಅದಕ್ಕೆ. (ಈ ವಾಕ್ಯ ಬೇಡವೆಂದು ನಾನು ಹೊಡೆದುಹಾಕಿದ್ದೆ. ಇರಲಿ ಎಂದು ಹಟ ಹಿಡಿದವಳು ಅವಳೇ.)

೪

ಮರುದಿನ ಬೆಳಿಗ್ಗೆ ಅವಳು ಹಣ್ಣು ಹಿಡಿದುಕೊಂಡು ವಾರ್ಡಿಗೆ ಹೋದಳು. ಬಡಗಿ ದಿಂಬಿಗೆ ಒರಗಿ ಕೂತಿದ್ದರು. ಬಲಗೈಗೆ ದಪ್ಪ ಬ್ಯಾಂಡೇಜು. ಅವಳನ್ನು ಕಂಡು ಮುಖ ಅರಳಿತು.

'ದೊಡ್ಡ ಆಸ್ಪತ್ರೆ ಅಂತ ಹೆಸರಷ್ಟೆ, ಹಾಸಿಗೆ ಅದೇ ಹಳೇದು,' ಎಂದರು ಎಡಗೈಯಲ್ಲಿ. 'ಯಾವಾಗ ಕರ್ಕೊಂಡು ಬಂದ್ರೋ, ನಂಗೆ ಎಚ್ಚರಾನೇ ಇರ್ಲಿಲ್ಲ. ಜೋಡಿಸಿದ ಬೆರಳು ಯಾವಾಗ ಅಲ್ಲಾಡತ್ತೆ ಅಂತ ಡಾಕ್ಟರನ್ನ ಕೇಳಿ ಹೇಳ್ತೀಯಾ?'

ನರ್ಸು ಹತ್ತಿರ ಬಂದು, ಏನು ಹೇಳ್ತಿದಾರೆ ಎಂದು ಕೇಳಿದಳು. ದುಭಾಷಿ ಹಣ್ಣಿನ ಚೀಲವನ್ನು ನೆಲಕ್ಕಿಟ್ಟಳು.

ಹಿಂದಿನ ದಿನ ಫೋನಿನಲ್ಲಿ ಬಡಗಿ ನಿಜವಾಗಿ ಹೇಳಿದ್ದು, 'ಇಲ್ಲಿ ಬೇಡ, ಅಲ್ಲಿಗೇ ಕಳಿಸಿ, ಸರಿ'. ಅವಳಿಗೆ ಕಂಡದ್ದು ಮೊದಲು ಮತ್ತು ಕೊನೆ. ಅವಳು ಹೇಳಿದ್ದರಲ್ಲಿ ಅವರಿಗೆ ಕಂಡದ್ದೂ ಅಷ್ಟೇ: 'ದೊಡ್ಡ ಆಸ್ಪತ್ರೆಗೆ ಹೋಗೋದು... ಸಹಿ ಹಾಕಿ.'

ಅವಳು ಮಂಚದ ಅಂಚಿಗೆ ಕೂತು, ಒಂದೊಂದೇ ಸನ್ನೆಯಾಗಿ ತಿಳಿಸಿದಳು. ಇದು ಅದೇ ಆಸ್ಪತ್ರೆ. ನಿಮ್ಮನ್ನ ಎಲ್ಲಿಗೂ ಕರೆದೊಯ್ಯಲಿಲ್ಲ. ಬ್ಯಾಂಡೇಜಿನೊಳಗೆ ಬೆರಳಿಲ್ಲ. ಬಡಗಿ ನೋಡುತ್ತಲೇ ಇದ್ದರು. ಕೊನೆಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅವಳು ಇನ್ನೂ ಹೇಳುತ್ತಿದ್ದಳು. ಕೈ ನೋಡಲು ಯಾರೂ ಇರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದಳು. ನೆಟ್‌ವರ್ಕಿನ ವಿಷಯ ಹೇಳಿದಳು, ಸ್ಕ್ರೀನ್‌ಶಾಟ್ ತೋರಿಸಿದಳು. ಅಮ್ಮ ಒಂದೇ ಪ್ರಶ್ನೆ ಕೇಳಿದಳು: 'ಅರ್ಥ ಆಗ್ಲಿಲ್ಲ ಅಂತ ಡಾಕ್ಟರಿಗೆ ಹೇಳಿದ್ಯಾ?'

'ಇಲ್ಲ.'

ಅಮ್ಮ ಕಣ್ಣು ಮುಚ್ಚಿಕೊಂಡಳು. ಆ ಮನೆಯಲ್ಲಿ ಕಣ್ಣು ಮುಚ್ಚಿಕೊಳ್ಳುವುದೆಂದರೆ ಮಾತು ಬಿಟ್ಟಂತೆ. ಹನ್ನೊಂದು ದಿನ ಮಗಳು ಕೈ ಎತ್ತಿದಾಗಲೆಲ್ಲ ಅಮ್ಮ ಕಣ್ಣು ಮುಚ್ಚಿಕೊಂಡಳು.

೫

ಇನ್ನು ಮುಕ್ತಾಯ. ನನ್ನ ಹತ್ತಿರ ಎರಡಿದ್ದವು.

ಒಂದನೆಯದರಲ್ಲಿ ದುಭಾಷಿ ಕಂಪನಿಯ ಮೇಲೆ ಕೇಸು ಹಾಕುತ್ತಾಳೆ, ಗೆಲ್ಲುತ್ತಾಳೆ. ನಿಜದಲ್ಲಿ ಅವಳು ದೂರು ಕೊಟ್ಟದ್ದುಂಟು. 'ನಿಮ್ಮ ಪ್ರದೇಶದಲ್ಲಿ ಸೇವೆ ಉತ್ತಮವಾಗಿದೆ, ದೂರನ್ನು ಮುಕ್ತಾಯಗೊಳಿಸಲಾಗಿದೆ' ಎಂದು ಉತ್ತರ ಬಂತು. (ನನಗೆ ಬಾರದ ಮುಕ್ತಾಯ ಅವರಿಗೆ ಎರಡೇ ನಿಮಿಷದಲ್ಲಿ ಬಂದಿತ್ತು.)

ಎರಡನೆಯದು ನನಗೆ ಇಷ್ಟವಾಗಿತ್ತು: ಬಡಗಿ ಅವಳ ತಲೆಯ ಮೇಲೆ ಗಾಯದ ಕೈಯಿಟ್ಟು ಕ್ಷಮಿಸುತ್ತಾರೆ. ಓದಿ ಹೇಳಿದೆ. ದುಭಾಷಿ ಹಾಳೆ ಕಿತ್ತುಕೊಂಡಳು.

"ಅವರು ಕ್ಷಮಿಸಿದ್ರು ಅಂತ ನಿಮಗೆ ಯಾರು ಹೇಳಿದ್ರು?"

"ಕಥೆಗೆ ಬೇಕಲ್ಲಮ್ಮ."

"ಅವರ ಬಾಯಿಗೆ ಒಂದ್ಸಲ ಮಾತು ತುರುಕಿದ್ದು ಸಾಲ್ದಾ? ಈಗ ನೀವೂ ಶುರು ಮಾಡಿದ್ರಾ?"

ನನಗೆ ಸನ್ನೆ ಬಾರದು. ಈ ಕಥೆಯಲ್ಲಿ ಬಡಗಿ ಆಡಿದ ಪ್ರತಿ ಮಾತೂ ಅವಳ ಮೂಲಕವೇ ಬಂದದ್ದು. ಹೋದ ವಾರ ಅವಳು ಅವರ ಅಂಗಡಿಗೆ ಹೋಗಿದ್ದಳಂತೆ. ಆಗ ನಡೆದದ್ದನ್ನು ಇದೀಗ, ಹಾಳೆ ಕೈಯಲ್ಲಿರುವಾಗಲೇ ಹೇಳಿದಳು.

ಬಡಗಿ ಅಂಗಡಿಯ ಮರದ ಪುಡಿ ಗುಡಿಸುತ್ತಿದ್ದರು. ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಇವಳನ್ನು ಕಂಡು ಪೊರಕೆ ಗೋಡೆಗೆ ಒರಗಿಸಿ, ಎರಡೂ ಕೈಯಲ್ಲಿ ಉದ್ದಕ್ಕೆ ಏನೋ ಹೇಳಿದರು. ಮೊಳದ ದೂರ, ಹಗಲ ಬೆಳಕು, ನಡುವೆ ಯಾವ ಫೋನೂ ಇಲ್ಲ. ಆದರೆ ಕೆಲವು ಸನ್ನೆಗಳಿಗೆ ಬೇಕಾದ ಬೆರಳುಗಳು ಬಲಗೈಯಲ್ಲಿ ಇರಲಿಲ್ಲ.

'ಅರ್ಥ ಆಗ್ಲಿಲ್ಲ ಮಾವ,' ಎಂದಳು.

ಅವರು ನಿಧಾನವಾಗಿ ಇನ್ನೊಮ್ಮೆ ಹೇಳಿದರು.

'ಇಲ್ಲ ಮಾವ. ಅರ್ಥ ಆಗ್ಲಿಲ್ಲ.'

ಏಳು ಸಲವಾಯಿತು. ಸಿಟ್ಟಿತ್ತೋ ಸುಸ್ತಿತ್ತೋ, ಕೊನೆಗೆ ಬಡಗಿ ಕೈ ಕೆಳಗಿಳಿಸಿ ಮತ್ತೆ ಪೊರಕೆ ಹಿಡಿದರು. ಅವಳು ಬಾಗಿಲಲ್ಲಿ ನಿಂತೇ ಇದ್ದಳು, ಅವರು ಗುಡಿಸಿ ಮುಗಿಸುವವರೆಗೆ.

"ಅಂದಾಜಿಗೆ ಏನು ಹೇಳಿರಬಹುದು?" ಎಂದೆ ನಾನು, ಪೆನ್ನು ತೆರೆದು.

ದುಭಾಷಿ ನನ್ನನ್ನೇ ನೋಡಿದಳು. ಚೀಲ ಹೆಗಲಿಗೇರಿಸಿ ಎದ್ದು ಹೋದಳು.