ಸುಣ್ಣದ ಗೋಡೆಗೆ ಎಷ್ಟು ಬಾರ್

೧

ಮಿಷಿನ್ನಿನಿಂದ ಶುರು ಮಾಡಲೋ, ಗೋಡೆಯಿಂದಲೋ? ಎರಡು ವಾರದಿಂದ ಇದೊಂದು ತೀರ್ಮಾನವಾಗದೆ ಕೂತಿದ್ದೇನೆ. ಮಿಷಿನ್ನಿನಿಂದ ಶುರು ಮಾಡಿದರೆ ನೀವು ಇದನ್ನು ಯಾವುದೋ ಅಂಗಡಿಯ ಪಾಂಪ್ಲೆಟ್ ಅಂದುಕೊಂಡು ಪುಟ ತಿರುಗಿಸುತ್ತೀರಿ. ಗೋಡೆಯಿಂದ ಶುರು ಮಾಡಿದರೆ ಪ್ರೇಮಕಥೆ ಅಂದುಕೊಂಡು ಓದುತ್ತೀರಿ, ಆಮೇಲೆ ನನ್ನನ್ನು ಬೈಯುತ್ತೀರಿ. ಹಾಗಾಗಿ ಎರಡರ ನಡುವೆ ನಿಂತಿರುವ ಮನುಷ್ಯನಿಂದ ಶುರು ಮಾಡುತ್ತೇನೆ.

ಚನ್ನಕೇಶವ. ಮೂವತ್ತಾರು ವರ್ಷ, ಮದುವೆಯಾಗಿಲ್ಲ, ಊರು ಗೋಣಿಬೀಡು. ಹನ್ನೆರಡು ವರ್ಷ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಅಂದರೆ ಆಳುಗಳ ಹಾಜರಿ ಬರೆಯುವುದು, ಗೊಬ್ಬರ ಹಾಕಿಸುವುದು, ಗಿಡಗಳಿಗೆ ಔಷಧಿ ಹೊಡೆಸುವುದು. (ರೈಟರ್ ಅಂದ ಕೂಡಲೇ ನನ್ನ ಕಸುಬಿನವನು ಅಂದುಕೊಳ್ಳಬೇಡಿ. ಅವನು ಬರೆದದ್ದಕ್ಕೆಲ್ಲ ಸಾಕ್ಷಿ ಇರುತ್ತಿತ್ತು.) ೨೦೦೫ರ ಮಳೆಗಾಲ ಮುಗಿಯುತ್ತಿದ್ದಂತೆ ಆ ಕೆಲಸ ಬಿಟ್ಟ. ಆಗ ನಮ್ಮ ಕಡೆ ತೋಟದ ಮನೆಗಳು ಒಂದೊಂದಾಗಿ ಹೋಮ್‌ಸ್ಟೇ ಆಗುತ್ತಿದ್ದವು. ನಾಲ್ಕು ತಿಂಗಳ ಮಳೆಗೆ ಗೋಡೆ, ಕಾಂಪೌಂಡು, ಮೆಟ್ಟಿಲು ಎಲ್ಲ ಹಾವಸೆ ಹಿಡಿದು ಕಪ್ಪಾಗಿರುತ್ತವೆ. ಮನೆಯವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ದುಡ್ಡು ಕೊಟ್ಟು ಬರುವ ನೆಂಟರಿಗೆ ಮೊದಲು ಬೀಳುವುದೇ ಅದು.

ಚನ್ನಕೇಶವ ಹ್ಯಾಂಡ್‌ಬಿಲ್ ಅಚ್ಚು ಹಾಕಿಸಿದ. ‘ಮನೆಯ ಹೊರಗೋಡೆ ಮತ್ತು ಅಂಗಳದ ಮಳೆಗಾಲದ ಕಪ್ಪನ್ನು ನೀರಿನ ಒತ್ತಡದಿಂದ ತೊಳೆದುಕೊಡಲಾಗುವುದು.’ ಆಲ್ದೂರು, ಮೂಡಿಗೆರೆ, ಕಳಸದ ಬಸ್‌ಸ್ಟ್ಯಾಂಡುಗಳಲ್ಲಿ ತಾನೇ ಹೋಗಿ ಅಂಟಿಸಿ ಬಂದ. ಒಂದು ಮಾತ್ರ ಬಾಕಿ ಇತ್ತು. ಮಿಷಿನ್ ಇರಲಿಲ್ಲ.

೨

ಮೊದಲ ಫೋನು ಕಳಸದ ಹತ್ತಿರದ ಸಂಸೆಯಿಂದ ಬಂತು. ಗಂಗಾಧರಪ್ಪ ಎನ್ನುವವರು; ಕಾಫಿ ಬೆಳೆಗಾರರು, ಮನೆಯ ಮೂರು ರೂಮುಗಳನ್ನು ಅತಿಥಿಗಳಿಗೆ ಬಿಟ್ಟವರು. ದೀಪಾವಳಿ ರಜಕ್ಕೆ ಜನ ಬುಕ್ ಮಾಡಿದ್ದಾರೆ, ಅಷ್ಟರೊಳಗೆ ಹೊರಗೋಡೆ ತೊಳೆದಾಗಬೇಕು ಅಂದರು. ಎಂಥ ಗೋಡೆ, ಎಷ್ಟು ಎತ್ತರ ಎಂದು ಚನ್ನಕೇಶವ ಕೇಳಬೇಕಿತ್ತು. ಕೇಳಲಿಲ್ಲ. ಆ ಮನೆ ಅವನಿಗೆ ಗೊತ್ತಿತ್ತು.

೧೯೯೧ರ ಮೇ ತಿಂಗಳಲ್ಲಿ, ತನ್ನ ಜೊತೆ ಓದಿದ ಸೌಂದರ್ಯಳಿಗೂ ಗಂಗಾಧರಪ್ಪನವರಿಗೂ ಮದುವೆಯಾದ ಮೂರನೇ ದಿನ, ಹೆಣ್ಣಿನ ಕಡೆಯವರ ಜೀಪು ಹತ್ತಿ ಅವನು ಬೀಗರೂಟಕ್ಕೆ ಆ ಮನೆಗೆ ಹೋಗಿದ್ದ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಮೂರು ವರ್ಷ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಬ್ಬರಿಗೂ ಒಂದೇ ಟೇಬಲ್ಲು. ಬ್ಯೂರೆಟ್ಟಿನ ಕೊನೆಯ ಹನಿ ಬೀಳುವುದನ್ನು ಅವಳು ನೋಡುವಳು, ಇವನು ಬರೆದುಕೊಳ್ಳುವನು. ಅದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ. ಹೆಚ್ಚಿನದನ್ನು ಹೇಳಬೇಕಿದ್ದವನು ಇವನು. ರಿಸಲ್ಟ್ ಬರಲಿ ಅಂದುಕೊಂಡ, ಕೆಲಸ ಸಿಗಲಿ ಅಂದುಕೊಂಡ, ಅಷ್ಟರಲ್ಲಿ ಲಗ್ನಪತ್ರಿಕೆ ಬಂತು.

ಬೀಗರೂಟದ ದಿನ ಅಂಗಳದ ಚಪ್ಪರದಲ್ಲಿ ಕೊನೆಯ ಪಂಕ್ತಿಯಲ್ಲಿ ಕೂತು ಮನೆಯ ಗೋಡೆಗೆ ಒರಗಿದ. ಸುಣ್ಣದ ಗೋಡೆ. ಎದ್ದಾಗ ಬೆನ್ನೆಲ್ಲ ಬಿಳಿ. ಪಂಕ್ತಿ ವಿಚಾರಿಸಿಕೊಳ್ಳುತ್ತ ಬಂದ ಸೌಂದರ್ಯ, ‘ಬೆನ್ನಿಗೆ ಸುಣ್ಣ ಆಗಿದೆ ನೋಡಿ’ ಅಂದಳು. ಇಲ್ಲಿಯವರೆಗೆ ಅವನಿಗೆ ಅವಳು ಹೇಳಿದ ಕೊನೆಯ ಮಾತು ಅದು. ಅವನು ಕೊಡವಿಕೊಳ್ಳಲಿಲ್ಲ. ಗೋಣಿಬೀಡು ಮುಟ್ಟುವವರೆಗೂ ಜೀಪಿನ ಸೀಟಿಗೆ ಒರಗದೆ ನೆಟ್ಟಗೆ ಕೂತು ಬಂದ.

(ಇಲ್ಲಿ ಒಂದು ಪ್ಯಾರಾ ಹೊಡೆದುಹಾಕಿದ್ದೇನೆ. ಅದರಲ್ಲಿ ಹುಣ್ಣಿಮೆಯ ಚಂದ್ರ ಇದ್ದ.)

೩

ಈಗ ಮಿಷಿನ್ನು. ಓದುಗರು ಕ್ಷಮಿಸಬೇಕು, ನಾನು ಭೌತಶಾಸ್ತ್ರ ಓದಿದ ಆಸಾಮಿ. ಅಂಕಿ ಇಲ್ಲದೆ ಹೇಳಲು ಮನಸ್ಸು ಒಪ್ಪುವುದಿಲ್ಲ.

ಚಿಕ್ಕಮಗಳೂರಿನಲ್ಲಿ ಪಂಪು, ಇಂಜಿನ್ನು ಮಾರುವ ಶ್ರೀಹರಿ ಭಟ್ಟರ ಅಂಗಡಿಯಲ್ಲಿ ಎರಡು ಮಿಷಿನ್ ಇದ್ದವು. ಒಂದು ಪೆಟ್ರೋಲಿನದು: ಇನ್ನೂರು ಬಾರ್ ಒತ್ತಡ, ನಿಮಿಷಕ್ಕೆ ಹದಿಮೂರು ಲೀಟರ್ ನೀರು. ಇನ್ನೊಂದು ಕರೆಂಟಿನದು: ನೂರು ಬಾರ್, ಆರು ಲೀಟರ್. (ಒಂದು ಬಾರ್ ಅಂದರೆ ನಮ್ಮೆಲ್ಲರ ತಲೆಯ ಮೇಲೆ ಸದಾ ಕೂತಿರುವ ಗಾಳಿಯ ಒತ್ತಡದಷ್ಟು, ಸುಮಾರಾಗಿ. ಕಳಸದ ಎತ್ತರಕ್ಕೆ ಅದೂ ಕೊಂಚ ಕಮ್ಮಿ.) ಗೋಡೆಯ ಮೇಲೆ ಬೀಳುವ ಪೆಟ್ಟು ನೀರಿನ ಪ್ರಮಾಣಕ್ಕೂ ಒತ್ತಡದ ವರ್ಗಮೂಲಕ್ಕೂ ಅನುಪಾತದಲ್ಲಿರುತ್ತದೆ. ಅಂದರೆ ಪೆಟ್ರೋಲಿನದರ ಪೆಟ್ಟು ಮೂರು ಪಟ್ಟು. ಹೊರಗೋಡೆ ತೊಳೆಯುವುದನ್ನೇ ಕಸುಬು ಮಾಡಿಕೊಳ್ಳುವವನಿಗೆ ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ.

ಚನ್ನಕೇಶವ ಚೀಲದಿಂದ ಒದ್ದೆ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಒಂದು ಕಾಫಿ ರೆಕ್ಕೆಯನ್ನು, ಅಂದರೆ ಎಲೆ ತುಂಬಿದ ಅಡ್ಡ ಕೊಂಬೆಯನ್ನು, ಹೊರಗೆ ತೆಗೆದ.

ಎಸ್ಟೇಟಿನಲ್ಲಿ ಹೊಸ ಸ್ಪ್ರೇಯರ್ ಬಂದಾಗಲೆಲ್ಲ ಅವನು ಮಾಡುತ್ತಿದ್ದ ಪರೀಕ್ಷೆ ಇದು. ಕಾಫಿ ಗಿಡಕ್ಕೆ ಮೈಲುತುತ್ತ ಸುಣ್ಣದ ನೀರು ಹೊಡೆಯುವಾಗ ಎಲೆಯ ಬೆನ್ನು ಪೂರ್ತಿ ನೆನೆಯಬೇಕು, ಆದರೆ ಅಂಚು ಹರಿಯಬಾರದು. ಹರಿದರೆ ಆ ಸ್ಪ್ರೇಯರ್ ವಾಪಸ್ಸು. ಹನ್ನೆರಡು ವರ್ಷ ಇದೇ ಕೈ, ಇದೇ ಕಣ್ಣು. ಭಟ್ಟರ ಅಂಗಡಿಯ ಹಿತ್ತಲಿನಲ್ಲಿ ರೆಕ್ಕೆಯನ್ನು ತಂತಿಗೆ ಕಟ್ಟಿ, ಮೂರಡಿ ದೂರ ನಿಂತು, ಮೊದಲು ಪೆಟ್ರೋಲಿನದನ್ನು ಬಿಟ್ಟ. ಎಲೆ ಇದ್ದ ಜಾಗದಲ್ಲಿ ನಾರು ಉಳಿಯಿತು. ಕರೆಂಟಿನದಕ್ಕೆ ಬೀಸಣಿಗೆಯ ಹಾಗೆ ಅಗಲವಾಗಿ ನೀರು ಚೆಲ್ಲುವ ಮೂತಿ ಹಾಕಿ ಬಿಟ್ಟ. ಎಲೆ ನಡುಗಿತು, ಬೆನ್ನು ನೆನೆಯಿತು, ಹರಿಯಲಿಲ್ಲ.

‘ಇದೇ ಕೊಡಿ’ ಅಂದ.

ಭಟ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ‘ಚನ್ನಕೇಶವ ಅವ್ರೇ, ನೀವು ತೊಳೀಲಿಕ್ಕೆ ಹೊರಟದ್ದು ಗೋಡೇನ. ಗೋಡೆ ಚಿಗುರಲ್ಲ ಮಾರಾಯ್ರೇ.’

ಚನ್ನಕೇಶವ, ಸುಣ್ಣದ ಗೋಡೆ ಹೆಚ್ಚು ಪೆಟ್ಟು ತಡೆಯುವುದಿಲ್ಲ ಎಂದಷ್ಟೇ ಹೇಳಿದ. ಈ ಕಾಲದಲ್ಲಿ ಸುಣ್ಣದ ಗೋಡೆ ಎಷ್ಟು ಉಳಿದಿವೆ ಎಂದು ಭಟ್ಟರು ಕೇಳಿದರು. ಒಂದು ಗೊತ್ತು ಅಂದ. ಅವನ ಕೈಯಲ್ಲಿ ಇದ್ದದ್ದು ಒಂದೇ ಮಿಷಿನ್ನಿಗೆ ಸಾಲುವಷ್ಟು. ತಪ್ಪಿದರೆ ಎರಡನೆಯದನ್ನು ಕೊಳ್ಳುವ ಮಾತಿಲ್ಲ, ವಾಪಸ್ಸು ರೈಟರ್ ಕೆಲಸವೇ ಗತಿ. ಅದು ಅವನಿಗೂ ಗೊತ್ತಿತ್ತು, ಭಟ್ಟರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

೩ (ಬಿಟ್ಟುಬಿಟ್ಟದ್ದು)

ಇದಕ್ಕೂ ಮೊದಲಿನ ಕರಡಿನಲ್ಲಿ ಅವನು ಪೆಟ್ರೋಲಿನದನ್ನೇ ಕೊಂಡಿದ್ದ. ಹನ್ನೊಂದು ಪುಟ ಆಗಿತ್ತು. ಆಲ್ದೂರಿನ ಕಾಫಿ ಒಣಗಿಸುವ ಕಣಗಳು, ಮೂಡಿಗೆರೆಯ ಕಲ್ಲು ಕಾಂಪೌಂಡುಗಳು ಎಲ್ಲ ಫಳಫಳ ಅನ್ನತೊಡಗಿದವು. ಒಂದು ಪಿಕಪ್ ಗಾಡಿ ಬಂತು, ಗಾಡಿಯ ಮೇಲೆ ಹೆಸರು ಬಂತು. ಎಲ್ಲ ಸರಿಯಾಗಿತ್ತು. ಸಂಸೆಗೆ ಹೋಗಲು ಮಾತ್ರ ಅವನಿಗೆ ಪುರುಸೊತ್ತೇ ಆಗಲಿಲ್ಲ. ಹರಿದುಹಾಕಿದೆ.

೫

(ನಾಲ್ಕನೆಯದು ಈ ಭಾಗದ ಕೆಳಗೆ ಹೂತುಹೋಗಿದೆ. ಯಾಕೆಂದು ಹೇಳುತ್ತೇನೆ.)

ನಾಲ್ಕರಲ್ಲಿ ನಾನು ಗಂಗಾಧರಪ್ಪನವರನ್ನು ಸಾಯಿಸಿದ್ದೆ. ಫೋನು ಮಾಡಿದ್ದು ಸೌಂದರ್ಯಳೇ. ಮೂರು ವರ್ಷದ ಹಿಂದೆ ಗಂಡ ಹೃದಯಾಘಾತದಲ್ಲಿ ತೀರಿಕೊಂಡಿದ್ದಾನೆ, ಒಬ್ಬಳೇ ಹೋಮ್‌ಸ್ಟೇ ನಡೆಸುತ್ತಿದ್ದಾಳೆ. ಹೀಗೆ ಬರೆದಾಗ ಮುಂದಿನದು ಇಳಿಜಾರಿನಲ್ಲಿ ನೀರು ಹರಿದಷ್ಟು ಸಲೀಸಾಯಿತು. ಆದರೆ ಸೌಂದರ್ಯ ನಾನು ಬರೆಯುತ್ತಿದ್ದ ಮೇಜಿನ ಎದುರು ಬಂದು ನಿಂತಳು. ನಲವತ್ತರ ಹತ್ತಿರದ ಹೆಂಗಸು, ಕೈಯಲ್ಲಿ ಮೆಣಸು ಕೊಯ್ದ ವಾಸನೆ.

‘ನಿಮ್ಮ ಅನುಕೂಲಕ್ಕೆ ನಮ್ಮನೆಯವ್ರನ್ನ ಸಾಯಿಸ್ಬೇಡಿ’ ಅಂದಳು.

ಕಥೆಗೆ ಬೇಕಾಗಿತ್ತು ಅಂದೆ.

‘ಯಾರ ಕಥೆಗೆ? ನನಗಂತೂ ಬೇಕಾಗಿಲ್ಲ. ಅವ್ರು ಒಳ್ಳೇವ್ರು. ಗೊರಕೆ ಹೊಡೀತಾರೆ, ಅಷ್ಟೇ.’

ಬದುಕಿಸಿದೆ. ಬದುಕಿಸಿದ ಮೇಲೆ ಕಥೆ ಎಷ್ಟು ಕಷ್ಟವಾಯಿತೆಂದರೆ ನಾನು ನಾಲ್ಕು ದಿನ ಪೆನ್ನು ಮುಟ್ಟಲಿಲ್ಲ. ಚನ್ನಕೇಶವನ ಆಸೆಗೆ ಈಗ ಹೋಗಲು ಊರೇ ಇಲ್ಲ. ಅವನನ್ನೇ ಕೂರಿಸಿ ಕೇಳಿದೆ, ನಿನಗೆ ಆ ಮನೆಯಲ್ಲಿ ಆಗಬೇಕಾದದ್ದೇನು ಅಂತ. ಉಗುರಿನ ಸಂದಿಯ ಮಣ್ಣು ತೆಗೆಯುತ್ತ ಕೂತಿದ್ದ. ‘ಏನೂ ಆಗೋದು ಬೇಡ. ಗೋಡೆ ಹಾಳಾಗದ ಹಾಗೆ ತೊಳೀಬೇಕು. ನಾನು ಮರೆತಿಲ್ಲ ಅನ್ನೋದು ಅವ್ರಿಗೆ ಒಂದ್ಸಲ ಗೊತ್ತಾದ್ರೆ ಸಾಕು’ ಅಂದ.

ಇಷ್ಟೇ. ಇಷ್ಟಕ್ಕೆ ಅವನು ಮೂರನೇ ಒಂದು ಪಾಲು ಪೆಟ್ಟಿನ ಮಿಷಿನ್ನನ್ನು ಕಳಸದ ಬಸ್ಸಿನ ಟಾಪಿನಲ್ಲಿ ಕಟ್ಟಿಕೊಂಡು ಹೊರಟದ್ದು.

೬

ಗೋಡೆ ಸಿಮೆಂಟಿನದಾಗಿತ್ತು.

ಇದನ್ನು ಒಂದು ಸಾಲಿನಲ್ಲಿ ಬರೆದುಬಿಟ್ಟೆ. ಅವನಿಗೆ ಒಂದು ಸಾಲಿನಲ್ಲಿ ಮುಗಿಯಲಿಲ್ಲ. ಅಂಗಳದಲ್ಲಿ ಮಿಷಿನ್ ಇಳಿಸಿ, ಗೋಡೆಯ ಹತ್ತಿರ ಹೋಗಿ, ಅಂಗೈ ಇಟ್ಟು ನೋಡಿದ. ಉಗುರಿನಿಂದ ಕೆರೆದು ನೋಡಿದ. ಕಪ್ಪು ಹಾವಸೆಯ ಕೆಳಗೆ ಒರಟು ಸಿಮೆಂಟು, ಒಂದಿಷ್ಟೂ ಉದುರಲಿಲ್ಲ. ಗಂಗಾಧರಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಹಿಂದೆಯೇ ನಿಂತಿದ್ದರು. ಎಂಟು ವರ್ಷದ ಹಿಂದೆ ಹಳೇ ಸುಣ್ಣವೆಲ್ಲ ಕೆರೆಸಿ ಗಟ್ಟಿ ಪ್ಲಾಸ್ಟರಿಂಗ್ ಮಾಡಿಸಿದ್ದು ಎಂದು ಹೆಮ್ಮೆಯಿಂದ ಹೇಳಿದರು. ಆಮೇಲೆ ಮಿಷಿನ್ನಿನ ಸುತ್ತ ಒಂದು ಸುತ್ತು ಬಂದು, ‘ಎಂತ ಮಾರಾಯ, ಇದು ಕಾರು ತೊಳೆಯೋದಲ್ವನಾ?’ ಅಂದು ನಕ್ಕರು.

ಅವರ ನಗುವಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಬರೆಯಲು ಸುಲಭವಾಗುತ್ತಿತ್ತು.

ಸೌಂದರ್ಯ ಕಾಫಿ ತಂದಳು. ಗುರುತು ಹಿಡಿದಳು, ಓಹೋ ನೀವಾ ಅಂದಳು, ಕಾಲೇಜಿನ ಲ್ಯಾಬಿನ ಅಟೆಂಡರ್ ಈಗೆಲ್ಲಿದ್ದಾರೆ ಎಂದು ಕೇಳಿದಳು. ಕೆಲಸಕ್ಕೆ ಬಂದವರಿಗೆ ಕಾಫಿ ಕೊಡುವ ಸ್ಟೀಲ್ ಲೋಟವೋ, ನೆಂಟರಿಗೆ ಕೊಡುವ ಪಿಂಗಾಣಿ ಕಪ್ಪೋ ಎಂದು ಅವಳು ಒಂದು ಕ್ಷಣ ಅಡುಗೆಮನೆಯಲ್ಲಿ ನಿಂತು ಯೋಚಿಸಿರಬೇಕು. ತಂದದ್ದು ಕಪ್ಪು. ಕೂರಲು ಹೇಳಿದ್ದು ಮಾತ್ರ ಮೆಟ್ಟಿಲ ಮೇಲೆ.

ಪೆಟ್ರೋಲಿನದರಲ್ಲಿ ಒಂದೂವರೆ ದಿನದ ಕೆಲಸ. ಇದರಲ್ಲಿ ನಾಲ್ಕು ಬೆರಳಗಲದ ಒಂದೊಂದೇ ಪಟ್ಟಿ. ಅರ್ಧ ಗಂಟೆಗೊಮ್ಮೆ ಮೋಟರು ಬಿಸಿಯಾಗುತ್ತದೆ, ಆರಲು ಬಿಡಬೇಕು. ಆರು ದಿನ ಹಿಡಿಯಿತು. ಚನ್ನಕೇಶವ ದಿನಾ ಬೆಳಿಗ್ಗೆ ಕಳಸದ ಲಾಡ್ಜಿನಿಂದ ಬಸ್ಸು ಹಿಡಿದು ಬರುವನು, ಸಂಜೆ ಹೋಗುವನು. ಮಿಷಿನ್ ಆರುವಾಗೆಲ್ಲ ಮೆಟ್ಟಿಲ ಮೇಲೆ ಕೂರುವನು. ಅವಳು ಅಂಗಳದಲ್ಲಿ ಹಿಂದಿನ ಬೆಳೆಯ ಮೆಣಸನ್ನು ಮತ್ತೆ ಬಿಸಿಲಿಗೆ ಹರವುತ್ತ, ಅತಿಥಿಗಳ ಬೆಡ್‌ಶೀಟ್ ಒಣಗಿಸುತ್ತ ಓಡಾಡುವಳು. ತಪ್ಪು ಮಿಷಿನ್ನು ಅವನಿಗೆ ಆರು ದಿನ ಕೊಟ್ಟಿತು. ಸರಿಯಾದದ್ದು ಒಂದೂವರೆ ಕೊಡುತ್ತಿತ್ತು. (ಇದು ನನ್ನ ಯೋಜನೆ ಆಗಿರಲಿಲ್ಲ. ನಾನು ಅಷ್ಟು ಜಾಣ ಅಲ್ಲ.)

ಐದು ದಿನ ಮುಗಿದರೂ ಮಾತು ಕಾಲೇಜಿನ ಅಟೆಂಡರನ್ನು ದಾಟಿ ಬೀಗರೂಟದವರೆಗೆ ಬರಲಿಲ್ಲ.

೭

ಆರನೇ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಎರಡು ಮೊಳ ಗೋಡೆ ಉಳಿದಿರುವಾಗ ಕರೆಂಟು ಹೋಯಿತು. ಮೋಟರಿನ ಸದ್ದು ನಿಂತ ಕೂಡಲೇ ಅಂಗಳ ಇಷ್ಟು ದೊಡ್ಡದಿದೆ ಎಂದು ಇಬ್ಬರಿಗೂ ಗೊತ್ತಾಯಿತು. ಗಂಗಾಧರಪ್ಪ ತೋಟಕ್ಕೆ ಹೋಗಿದ್ದರು. ಸೌಂದರ್ಯ ಮೆಣಸಿನ ತಟ್ಟಿ ಕೆಳಗಿಟ್ಟು ಕೇಳಿದಳು:

‘ಒಂದು ದಿನದಲ್ಲಿ ಆಗೋ ಮಿಷಿನ್ ಇದೆಯಂತೆ, ಇವ್ರು ಹೇಳ್ತಿದ್ರು. ನೀವ್ಯಾಕೆ ಇದನ್ನ ತಗೊಂಡ್ರಿ?’

‘ನಿಮ್ಮ ಗೋಡೆ ಸುಣ್ಣದ್ದು ಅಂದ್ಕೊಂಡಿದ್ದೆ.’

‘ನಿಮಗೆ ಹ್ಯಾಗೆ ಗೊತ್ತು?’

‘ಬೀಗರೂಟಕ್ಕೆ ಬಂದಿದ್ದೆ.’

‘ಬಂದಿದ್ರಾ?’ ಅಂದಳು.

ನಾನು ಇಲ್ಲಿ ಕಥೆ ನಿಲ್ಲಿಸಿ ಅವಳನ್ನು ಪಕ್ಕಕ್ಕೆ ಕರೆದೆ. ನೆನಪಿದೆ ಅನ್ನು, ಒಂದೇ ಮಾತು, ಅವನು ಹದಿನಾಲ್ಕು ವರ್ಷ ಕಾದಿದ್ದಾನೆ ಎಂದು ಕೇಳಿಕೊಂಡೆ. ಅವಳು ಸಿಟ್ಟಾಗಲಿಲ್ಲ. ‘ಅವತ್ತು ಮುನ್ನೂರು ಜನ ಬಂದಿದ್ರು. ನನಗೆ ನಿದ್ದೆ ಇಲ್ದೆ ಮೂರು ದಿನ ಆಗಿತ್ತು. ಯಾರ ಮುಖಾನೂ ನೆನಪಿಲ್ಲ. ಸುಳ್ಳು ಹೇಳ್ಲಾ?’

ಬೇಡ ಅಂದೆ.

ಹಾಗಾದರೆ ನನ್ನ ಬಳಿ ಉಳಿದಿರುವುದು ಇವು. ಒಂದು: ಕರೆಂಟು ಬರುತ್ತದೆ, ಅವನು ಇಪ್ಪತ್ತು ನಿಮಿಷದಲ್ಲಿ ಉಳಿದದ್ದನ್ನು ತೊಳೆದು, ಮಿಷಿನ್ ಬಸ್ಸಿಗೆ ಕಟ್ಟಿಸಿ, ಬರುವ ತಿಂಗಳು ರೈಟರ್ ಕೆಲಸಕ್ಕೆ ಅರ್ಜಿ ಹಾಕುತ್ತಾನೆ. ಇದು ಅವನ ಸ್ವಭಾವಕ್ಕೆ ಪೂರ್ತಿ ಸರಿಹೊಂದುತ್ತದೆ, ಆ ಕಾರಣಕ್ಕೇ ನನಗೆ ಸೇರುವುದಿಲ್ಲ. ಎರಡು: ಗಂಗಾಧರಪ್ಪ ತೋಟದಿಂದ ಬರುತ್ತಾರೆ, ಮೂವರೂ ಕೂತು ಊಟ ಮಾಡುತ್ತಾರೆ, ಅವರು ಇವನಿಗೆ ನಾಲ್ಕು ಹೋಮ್‌ಸ್ಟೇಗಳಿಗೆ ಶಿಫಾರಸು ಮಾಡುತ್ತಾರೆ. ಕಸುಬು ಉಳಿಯುತ್ತದೆ. ಉಳಿಯಬಾರದು ಅನ್ನಲು ನಾನು ಯಾರು? ಆದರೆ ಕಥೆ ಕೇಳುತ್ತಿದ್ದದ್ದು ಅದನ್ನಲ್ಲ. ಮೂರು: ಅವನು ಎಲ್ಲ ಹೇಳಿಬಿಡುತ್ತಾನೆ. ಈ ಮೂರನೆಯದನ್ನು ಬರೆಯಲು ಅವನೇ ಬಿಡಲಿಲ್ಲ, ತಲೆ ಅಲ್ಲಾಡಿಸಿದ.

ನಾನು ಇವನ್ನೆಲ್ಲ ಎಣಿಸುತ್ತಿರುವಾಗ, ನನ್ನನ್ನು ಕೇಳದೆ, ಸೌಂದರ್ಯ ಸೆರಗಿಗೆ ಕೈ ಒರೆಸಿಕೊಂಡು ಗೋಡೆಯ ಉದ್ದಕ್ಕೂ ನೋಡಿದಳು. ತೊಳೆದು ಬೂದು ಬಣ್ಣಕ್ಕೆ ತಿರುಗಿದ ಅಷ್ಟೂ ಗೋಡೆಯನ್ನು, ಈ ತುದಿಯಿಂದ ಆ ತುದಿಯವರೆಗೆ, ಬ್ಯೂರೆಟ್ಟಿನ ಗೆರೆ ಓದುವವಳ ಹಾಗೆ.

‘ಯಾವ ಕಡೆ ಕೂತಿದ್ರಿ?’ ಅಂದಳು.

ಚನ್ನಕೇಶವ ಎದ್ದು ನಿಂತಿದ್ದಾನೆ. ಕೈ ಎತ್ತಿದ್ದಾನೆ, ಇನ್ನೂ ತೋರಿಸಿಲ್ಲ. ಈಗ ಕರೆಂಟು ಬಂದರೆ ಮೋಟರು ತಾನಾಗಿ ಶುರುವಾಗುತ್ತದೆ, ಮಾತು ಕೇಳಿಸುವುದಿಲ್ಲ, ಅವನು ಕೆಲಸಕ್ಕೆ ತಿರುಗಬೇಕಾಗುತ್ತದೆ. ಕಳಸದ ದಾರಿಯಲ್ಲಿ ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬಿದ್ದಿದೆ, ಬೀಳಿಸಿದ್ದು ನಾನೇ. ಅದನ್ನು ತೆಗೆಸಲು ನನಗೆ ಒಂದು ವಾಕ್ಯ ಸಾಕು.

ಬರೆಯುವುದಿಲ್ಲ.