ಬಸ್ಸಿನಲ್ಲಿ ಬಿದ್ದ ಜಡೆ

ಚಲುವಮ್ಮನ ಕೂದಲು ಉದುರತೊಡಗಿದ್ದು ಸಾವಿರದ ಒಂಬೈನೂರ ಐವತ್ತನಾಲ್ಕರ ದೀಪಾವಳಿಯ ಹೊತ್ತಿಗೆ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡಿದ್ದ ಪುಟ್ಟಸ್ವಾಮಿಯ ಹೆಂಡತಿ ಅವಳು. ಬಾಚಿದರೆ ಹಿಡಿ ತುಂಬ ಬರುತ್ತಿತ್ತು. ದಿಂಬಿನ ಮೇಲೆ ಕೂದಲು, ಸಾರಿನಲ್ಲಿ ಕೂದಲು.

ಅತ್ತೆ ನಿಂಗಮ್ಮ ಸುಮ್ಮನೆ ಕೂರುವವಳಲ್ಲ. ಸೊಸೆಯ ತಲೆಗೆ ಈರುಳ್ಳಿ ರಸ ಹಚ್ಚಿದಳು, ಮೆಂತ್ಯ ಅರೆದು ಮೆತ್ತಿದಳು, ಕರಿಬೇವು ಕಾಯಿಸಿದ ಎಣ್ಣೆ ಸುರಿದಳು.

"ನಿನ್ ಪಕ್ಕ ಕೂತ್ರೆ ಹಸಿವಾಯ್ತದೆ ಕಣೆ," ಎಂದ ಪುಟ್ಟಸ್ವಾಮಿ.

ಆ ಮಾತಿಗೆ ಚಲುವಮ್ಮ ಅತ್ತಳು, ನಕ್ಕಳು, ಕೊನೆಗೆ ಮಡಿಕೇರಿಯ ಲೇಡಿ ಡಾಕ್ಟರನ್ನು ಕಾಣುವುದೆಂದು ತೀರ್ಮಾನಿಸಿದಳು. ಊರವರ ಕಣ್ಣಿಗೆ ಬೀಳಬಾರದೆಂದು ಸಂತೆಯಲ್ಲಿ ಕೊಂಡ ದಪ್ಪ ಚೌರಿಯೊಂದನ್ನು ಅಳಿದುಳಿದ ಕೂದಲಿಗೆ ಹೆಣೆದು, ಬಸ್ಸು ಹತ್ತಿದಳು.

ಸುಂಟಿಕೊಪ್ಪ ದಾಟಿದ ಮೇಲೆ ಒಂದು ತಿರುವಿನಲ್ಲಿ ಬಸ್ಸು ಎತ್ತಿಹಾಕಿತು. ಅಷ್ಟು ಭಾರವನ್ನು ಆ ಚೂರು ಕೂದಲು ಎಲ್ಲಿ ತಾಳೀತು? ಚೌರಿ ಕಳಚಿ, ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮಡಿಲಿಗೆ ಬಿತ್ತು.

ರೈಟರು ಕಣ್ಣು ಬಿಟ್ಟರು. "ಅಯ್ಯೋ, ಪಾಂಬು! ಪಾಂಬು!" ಎಂದು ಹಾವು ಕಂಡವರಂತೆ ತಮ್ಮ ಭಾಷೆಯಲ್ಲಿ ಕಿರುಚಿ ಸೀಟಿನ ಮೇಲೆ ಹತ್ತಿ ನಿಂತರು. ಡ್ರೈವರ್ ಬ್ರೇಕ್ ಒತ್ತಿದ. ಕಂಡಕ್ಟರ್ ಯಾರದೋ ಕೊಡೆ ಕಿತ್ತುಕೊಂಡು, ಕೆಳಗೆ ಬಿದ್ದ ಚೌರಿಗೆ ಎರಡು ಬಿಗಿದ.

"ಹೊಡೀಬ್ಯಾಡ್ರಪ್ಪೋ! ಅದು ನನ್ ಜಡೆ!"

ಬಸ್ಸೆಲ್ಲ ಅವಳತ್ತ ತಿರುಗಿತು. ಚಲುವಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಪಕ್ಕದಲ್ಲಿ ಕುಳಿತಿದ್ದ ಕನ್ನಡಕದ ಹೆಂಗಸು, ಮಡಿಕೇರಿಯ ಸ್ಕೂಲ್ ಟೀಚರ್ ಮೂಕಾಂಬಿಕಾ, ಪಿನ್ನುಗಳನ್ನು ಕಿತ್ತು ತನ್ನ ತಲೆಯ ದೊಡ್ಡ ತುರುಬನ್ನೇ ಕೈಗೆ ತೆಗೆದುಕೊಂಡಳು.

"ತಗೊಳ್ಳಿ ಕಂಡಕ್ಟ್ರೇ, ಇದಕ್ಕೂ ಎರಡು ಹಾಕಿ. ಇದು ಮರಿ."

ರೈಟರು ಸೇರಿ ಇಡೀ ಬಸ್ಸು ನಕ್ಕಿತು. ಚಲುವಮ್ಮನಿಗೆ ನಕ್ಕೂ ನಕ್ಕೂ ಬಿಕ್ಕಳಿಕೆ ಹಿಡಿಯಿತು.

ಇಬ್ಬರೂ ಕೂಡಿಯೇ ಡಾಕ್ಟರ್ ವೇದಾವತಿಯ ಬಳಿ ಹೋದರು. ಡಾಕ್ಟರು ಚಲುವಮ್ಮನ ತಲೆ ನೋಡಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೂರು ತಿಂಗಳ ಹಿಂದೆ ಏನಾಗಿತ್ತು?" ಎಂದರು.

"ಶ್ರಾವಣದಾಗೆ ವಿಷಮಶೀತ ಜ್ವರ ಬಂದಿತ್ತು ಕಣ್ರವ್ವ. ಮೂರು ವಾರ ಮಲಗಿದ್ದೆ. ಅದ್ಕೂ ಇದ್ಕೂ ಏನು?"

"ಅದೇ ಕಾರಣ. ಅಂಥ ಜ್ವರದಲ್ಲಿ ಮೈ ಜೀವ ಉಳಿಸೋದು ನೋಡುತ್ತೆ, ಕೂದಲು ಬೆಳೆಸೋದನ್ನ ನಿಲ್ಲಿಸಿಬಿಡುತ್ತೆ. ಹಾಗೆ ನಿಂತ ಕೂದಲು ಎರಡು ಮೂರು ತಿಂಗಳಿಗೆ ಉದುರುತ್ತೆ. ಬೇರು ಸತ್ತಿಲ್ಲಮ್ಮ, ಮತ್ತೆ ಬರುತ್ತೆ. ರಕ್ತ ಕಮ್ಮಿಯಿದೆ, ಕಬ್ಬಿಣದ ಟಾನಿಕ್ ಕುಡಿ. ಸೊಪ್ಪು, ಕಾಳು, ಮೊಟ್ಟೆ ತಿನ್ನು. ಈರುಳ್ಳಿ ಸಾರಿಗಿರಲಿ."

ಮೂಕಾಂಬಿಕಾ ಮೆಲ್ಲಗೆ ಕೇಳಿದಳು: "ನನ್ನದೂ ಬರುತ್ತಾ?"

ಡಾಕ್ಟರು ಅವಳ ಅಗಲವಾದ ಬೈತಲೆಯನ್ನು ಬೆಳಕಿಗೆ ಹಿಡಿದು ನೋಡಿದರು. "ನಿಮ್ಮ ತಾಯಿಗೂ ಹೀಗೇನಾ?"

"ಹೌದು. ಅಜ್ಜಿಗೂ."

"ಹಾಗಾದ್ರೆ ಇದು ವಂಶದ್ದು. ಸುಳ್ಳು ಹೇಳಲ್ಲ, ಇದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಆದ್ರೆ ನಿಮ್ಮ ತಪ್ಪೂ ಏನಿಲ್ಲ."

ಮೂಕಾಂಬಿಕಾ ತನ್ನ ಸುಳ್ಳು ತುರುಬನ್ನು ಚೀಲಕ್ಕೆ ತುರುಕಿದಳು. ಆಮೇಲೆ, "ಹದಿನೈದು ವರ್ಷ ಸುರಿದ ಎಣ್ಣೆಯಲ್ಲಿ ಮಡಿಕೇರಿಗೆಲ್ಲ ವಡೆ ಕರೀಬಹುದಿತ್ತು ಡಾಕ್ಟ್ರೇ!" ಎಂದಳು. ಡಾಕ್ಟರೂ ನಗು ತಡೆಯಲಾರದೆ ಮುಖ ತಿರುಗಿಸಿದರು.

ಹೊರಗೆ ಬಂದವರು ಹೋಟೆಲಿನಲ್ಲಿ ಎರಡೆರಡು ಮಸಾಲೆ ದೋಸೆ ತಿಂದು, ಬರಿದಲೆಯಲ್ಲೇ ರಾಜಾಸೀಟಿಗೆ ನಡೆದರು. ಅಲ್ಲಿ ಗಾಳಿಯೋ ಗಾಳಿ. ಮೂಕಾಂಬಿಕಾ ಗಾಳಿಗೆ ತಲೆಯೊಡ್ಡಿ, "ಎಷ್ಟು ತಣ್ಣಗಿದೆ ಚಲುವಮ್ಮ! ಇಷ್ಟು ವರ್ಷ ಇದೇ ಗೊತ್ತಿರಲಿಲ್ಲ," ಎಂದಳು. ಮರುದಿನದಿಂದ ಅವಳು ಇದ್ದಷ್ಟೇ ಕೂದಲನ್ನು ಗಂಟು ಹಾಕಿಕೊಂಡು ಶಾಲೆಗೆ ಹೋದಳು. ಮಕ್ಕಳು ಒಂದು ದಿನ ನೋಡಿದರು, ಎರಡನೆಯ ದಿನ ಮರೆತರು.

ಯುಗಾದಿಗೆ ಮೂಕಾಂಬಿಕಾ ಕುಶಾಲನಗರಕ್ಕೆ ಬಂದಾಗ ಚಲುವಮ್ಮನ ಹಣೆಯ ಮೇಲೆ ಬೆರಳುದ್ದದ ಹೊಸ ಕೂದಲು ನೆಟ್ಟಗೆ ನಿಂತಿತ್ತು. ನಿಂಗಮ್ಮ ನೀರು ಹಚ್ಚಿ ಒತ್ತಿದಳು. ಕೈ ತೆಗೆದೊಡನೆ ಅದು ಮತ್ತೆ ಎದ್ದಿತು.

"ಒಂದೂ ಮಾತು ಕೇಳಕಿಲ್ವಲ್ಲ ಇದು! ಥೇಟ್ ಸೊಸೆ ಬುದ್ಧಿ," ಎಂದಳು ನಿಂಗಮ್ಮ.

ಮೂಕಾಂಬಿಕಾ ಅಂಗೈಯಿಂದ ಸವರಿ ನೋಡಿ, "ಅಯ್ಯೋ, ಚುಚ್ಚುತ್ತೆ!" ಎಂದಳು. ಮೂವರೂ ಎಷ್ಟು ಗಟ್ಟಿಯಾಗಿ ನಕ್ಕರೆಂದರೆ, ಗದ್ದೆಯಲ್ಲಿದ್ದ ಪುಟ್ಟಸ್ವಾಮಿ ಏನೋ ಆಯಿತೆಂದು ಓಡಿಬಂದ.