ಕಿಟಕಿಗೆ ಬೆನ್ನು ಹಾಕಿದ ಅಳಿಯ

ಸೂಜಿ ತಟ್ಟೆಯಲ್ಲಿ ಸಿದ್ಧವಾಗಿತ್ತು. ತೇಯೋಪಿಸ್ಟಾಳನ್ನು ಬಲ ಮಗ್ಗುಲಿಗೆ ಮಲಗಿಸಿ, ಬೆನ್ನಿಗೆ ತಣ್ಣನೆಯ ಅಂಟು ಸವರಿ, ಡಾಕ್ಟರ್ ನಸ್ಸಾಲಿ ಸ್ಕ್ಯಾನಿಂಗ್ ಹಿಡಿಯನ್ನು ಪಕ್ಕೆಲುಬುಗಳ ಸಂದಿಗೆ ಒತ್ತಿದಳು. ಎಕ್ಸ್‌ರೇಯಲ್ಲಿ ಕಂಡ ದುಂಡನೆಯ ನೆರಳು ಎಲ್ಲಿದೆ ಎಂದು ಗುರುತು ಮಾಡಿಕೊಡುವುದಷ್ಟೇ ಅವಳ ಕೆಲಸ. ಅಲ್ಲಿಗೆ ಚುಚ್ಚಿ ಪರೀಕ್ಷೆಗೆ ಚೂರು ಮಾಂಸ ತೆಗೆಯುವವರು ದೊಡ್ಡ ಡಾಕ್ಟರ್ ಕಲುಂಗಿ.

ಗಡ್ಡೆ ಕಂಡಿತು. ಆದರೆ ಅದು ಗಡ್ಡೆಯ ಹಾಗೆ ಸುಮ್ಮನೆ ಬಿದ್ದಿರಲಿಲ್ಲ. ಒಳಗೆಲ್ಲ ಕಪ್ಪು. ಎದೆ ಬಡಿದಾಗಲೆಲ್ಲ ಆ ಕಪ್ಪಿನೊಳಗೆ ಏನೋ ಸುಳಿ ತಿರುಗುತ್ತಿತ್ತು. ರಕ್ತದ ಓಟ ತೋರಿಸುವ ಬಣ್ಣದ ಗುಂಡಿ ಒತ್ತಿದಳು. ಅರ್ಧ ಕೆಂಪು, ಅರ್ಧ ನೀಲಿ. ರಕ್ತ ಒಳಕ್ಕೆ ನುಗ್ಗಿ, ಒಂದು ಸುತ್ತು ಹೊಡೆದು, ಬಂದ ದಾರಿಯಲ್ಲೇ ವಾಪಸು ಹೋಗುತ್ತಿತ್ತು.

"ಸರ್, ಇದು ಗಡ್ಡೆಯಲ್ಲ. ಮಹಾಪಧಮನಿ ಹರಿದಿದೆ. ಹೊರಗೆ ಬಂದ ರಕ್ತಾನ ಸುತ್ತಲಿನ ಮಾಂಸ ತಡೆದು ಹಿಡ್ಕೊಂಡು ಒಂದು ಹುಸಿ ಚೀಲ ಆಗಿದೆ. ಸೂಜಿ ಹಾಕಿದ್ರೆ ಇಲ್ಲೇ ಮುಗೀತು."

ಕಲುಂಗಿ ನಕ್ಕರು. "ಪಕ್ಕದ ಮನೇಲಿ ಡೋಲು ಬಾರಿಸಿದ್ರೆ ನಮ್ಮನೆ ಪಾತ್ರೆನೂ ಅಲ್ಲಾಡುತ್ತಮ್ಮಾ. ಹೃದಯದ ಮಗ್ಗುಲಲ್ಲಿರೋ ಗಡ್ಡೆ ಕುಣೀದೆ ಇನ್ನೇನು ಮಾಡುತ್ತೆ? ಕ್ಷಯದ ಮಾತ್ರೆಗೆ ಕರಗ್ಲಿಲ್ಲ, ಅಂದ್ಮೇಲೆ ಕ್ಯಾನ್ಸರ್ರು."

"ಬಣ್ಣ ನೋಡಿ ಸರ್. ದನಿ ಬೇರೆ ಬಿದ್ದುಹೋಗಿದೆ."

"ಆ ಹಳೇ ಮೆಷಿನ್ನು ಎಲ್ಲದರಲ್ಲೂ ಬಣ್ಣ ತೋರಿಸುತ್ತೆ. ಗಟ್ಟಿಮುಟ್ಟಾದ ಹೆಂಗಸಿನ ಮಹಾಪಧಮನಿ ತಾನಾಗೇ ಹರಿಯುತ್ತಾ? ಬಿದ್ದಿದ್ರಾ, ಗಾಡಿ ಗುದ್ದಿತ್ತಾ? ನೀನೇ ಕೇಳು."

ನಸ್ಸಾಲಿ ಎಷ್ಟನೆಯ ಸಲವೋ ಕೇಳಿದಳು. ತೇಯೋಪಿಸ್ಟಾ ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. "ಎಲ್ಲೂ ಬಿದ್ದಿಲ್ಲ ಮಗಳೇ," ಎಂದಳು, ಒಡಕು ಪಿಸುದನಿಯಲ್ಲಿ.

"ಆಯ್ತಲ್ಲ? ಹೆರಿಗೆ ಕೋಣೇಲಿ ಒಂದು ಆಪರೇಷನ್ ಇದೆ, ಮುಗಿಸ್ಕೊಂಡು ಬರ್ತೀನಿ. ಅಷ್ಟರಲ್ಲಿ ಜಾಗ ಗುರುತು ಮಾಡಿರು. ನಿನ್ನ ಕೈಲಿ ಆಗದಿದ್ರೆ ಎಕ್ಸ್‌ರೇ ನೋಡ್ಕೊಂಡೇ ಹಾಕ್ತೀನಿ."

ನಸ್ಸಾಲಿಗೆ ಪಿತ್ತ ನೆತ್ತಿಗೇರಿತು. ಈ ಹೆಂಗಸು ತಮ್ಮೂರಿನ ಚರ್ಚಿನಲ್ಲಿ ಎಲ್ಲರಿಗಿಂತ ಮೊದಲು ಹಾಡು ಎತ್ತುತ್ತಿದ್ದವಳು. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯೊಳಗೆ ದನಿ ಹೋಯಿತು, ಕೆಮ್ಮು ಬಂತು, ಕಫದಲ್ಲಿ ರಕ್ತದ ಗೆರೆ ಬಂತು. ಊರಿನ ಆರೋಗ್ಯ ಕೇಂದ್ರದವರು ಮಾಡಿದ್ದೇನು? ಕೆಮ್ಮಿದವರನ್ನೆಲ್ಲ ನಿಲ್ಲಿಸುವ ಸಾಲಿನಲ್ಲೇ ಇವಳನ್ನೂ ನಿಲ್ಲಿಸಿದರು. ಕಫದಲ್ಲಿ ಕ್ಷಯ ಸಿಗಲಿಲ್ಲ, ಆದರೂ ಕ್ಷಯದ ಮಾತ್ರೆ ನುಂಗಿಸಿದರು. ಈ ನಾಡಿನ ಎದೆಯೊಳಗೆ ಕ್ಷಯ ಬಿಟ್ಟು ಬೇರೇನೂ ಇರುವಂತಿಲ್ಲವೇನೋ! ದನಿಯ ನರ ಮಹಾಪಧಮನಿಯ ಕೆಳಗಿಂದ ಸುತ್ತು ಹಾಕಿ ಗಂಟಲಿಗೆ ಏರುತ್ತದೆ, ಅಲ್ಲಿ ಏನಾದರೂ ಒತ್ತಿದರೆ ದನಿ ಬೀಳುತ್ತದೆ. ಇದು ಪುಸ್ತಕ ತೆರೆದವರಿಗೆಲ್ಲ ಗೊತ್ತು. ತೆರೆಯುವವರು ಯಾರು?

ಉರಿಯುವ ಮುಖ ಹೊತ್ತು ಅಂಗಳಕ್ಕೆ ಬಂದಳು. ಹಲಸಿನ ಮರದ ಕೆಳಗೆ, ತಾನು ಬಾಡಿಗೆಗೆ ಓಡಿಸುವ ಬೋಡಾ ಬೈಕಿನ ಪಕ್ಕ, ಮುಬೀರು ನಿಂತಿದ್ದ. ತೇಯೋಪಿಸ್ಟಾಳ ಅಳಿಯ. ದಿನವೂ ಬಾಳೆಎಲೆಯಲ್ಲಿ ಬಿಸಿ ಮಟೋಕೆ, ಬೇಯಿಸಿ ನುರಿದ ಬಾಳೆಕಾಯಿ, ಕಟ್ಟಿಸಿಕೊಂಡು ಬರುತ್ತಾನೆ, ಯಾರ ಕೈಲಾದರೂ ಒಳಗೆ ಕಳಿಸುತ್ತಾನೆ, ಮರದಡಿಗೆ ಹಿಂತಿರುಗುತ್ತಾನೆ. ಅಳಿಯನಾದವನು ಅತ್ತೆಯ ಎದುರಿಗೆ ಬರಬಾರದು, ಮೈ ತಾಗಿಸಬಾರದು. ತಾಗಿದರೆ ಕೈ ನಡುಗುವ ರೋಗ ಹತ್ತುತ್ತದೆ ಎನ್ನುತ್ತಾರೆ. ನಸ್ಸಾಲಿಯ ಮನೆಯಲ್ಲೂ ಅದೇ ಕಟ್ಟಳೆ.

"ನಾಳೆಯಿಂದ ಊಟ ತರ್ಬೇಡಿ," ಎಂದಳು ಅವಳು, ಸಿಟ್ಟು ಯಾರ ಮೇಲಾದರೂ ಇಳಿಯಲಿ ಎಂದು. "ನಿಮ್ಮತ್ತೆಗೆ ಬೇಕಾಗಲ್ಲ. ಎಲ್ಲೋ ಬಿದ್ದು ಎದೆ ಒಳಗಿನ ದೊಡ್ಡ ರಕ್ತನಾಳ ಹರ್ಕೊಂಡಿದಾರೆ. ಬಿದ್ದೇ ಇಲ್ಲ ಅಂತಾರೆ. ಈಗ ದೊಡ್ಡ ಡಾಕ್ಟ್ರು ಅದಕ್ಕೇ ಸೂಜಿ ಚುಚ್ತಾರೆ."

ಪೊಟ್ಟಣ ಮುಬೀರುವಿನ ಕೈಯಿಂದ ಜಾರಿ ಬಿತ್ತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ನನ್ನ ಗಾಡಿಯಿಂದ ಡಾಕ್ಟರಮ್ಮ. ನನ್ನ ಹೆಂಡ್ತಿಗೆ ಹೆರಿಗೆ ಕಷ್ಟ ಆಗಿತ್ತು, ರಕ್ತ ನಿಲ್ತಿರ್ಲಿಲ್ಲ, ಅವ್ವ ಬೇಕು ಅಂತ ಒಂದೇ ಸಮ ಕೂಗ್ತಿದ್ಲು. ಅತ್ತೆಯೋರನ್ನ ಕರ್ಕೊಂಡು ಬರೋಕೆ ಹೋದೆ, ಆ ದಾರೀಲಿ ಬೇರೆ ಗಾಡಿ ಇರ್ಲಿಲ್ಲ. 'ಹತ್ತಿಸ್ಕೊಳ್ಳಿ ಅಳಿಯಂದ್ರೇ' ಅಂದ್ರು ಅತ್ತೆಯೋರು. ಮೈ ತಾಗಬಾರದು ಅಂತ ನಡುವೆ ಒಂದು ಬಾಳೆಗೊನೆ ಇಟ್ಕೊಂಡ್ವಿ. ಹಿಡ್ಕೊಳ್ಳೋಕೆ ಅವರಿಗೇನೂ ಇರ್ಲಿಲ್ಲ. ಜೋರಾಗಿ ಹೋಗ್ತಿದ್ದೆ. ಮೋರಿ ಹತ್ರ ಗಾಡಿ ಎಗರಿ, ಕಟ್ಟೆಗೆ ಎದೆ ಬಡಿದು ಬಿದ್ರು. ನಾನು ಕೈ ಹಿಡಿದು ಎಬ್ಬಿಸಲೂ ಇಲ್ಲ. ತಾವೇ ಎದ್ದು, ಬಟ್ಟೆ ಕೊಡವಿಕೊಂಡು, 'ಯಾರು ಕೇಳಿದ್ರೂ ನಾನು ನಡ್ಕೊಂಡು ಬಂದೆ' ಅಂದ್ರು."

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಾ?"

"ಹೇಳಿದ್ರೆ ಅವರ ಮಾನ ಹೋಗುತ್ತೆ."

"ಮಾನಾನ ಜೊತೇಲೇ ಹೂಳ್ತೀರಾ? ಬನ್ನಿ, ದೊಡ್ಡ ಡಾಕ್ಟ್ರಿಗೆ ಹೇಳಿ."

"ಅತ್ತೆಯೋರಿರೋ ಕೋಣೆಗೆ ನಾನು ಹೆಂಗೆ..."

"ಒಳಗೆ ಬರ್ಬೇಡ್ರೀ! ಕಿಟಕಿ ಹತ್ರ ನಿಂತು ಹೇಳಿ. ಗಟ್ಟಿಯಾಗಿ ಹೇಳಿ."

ಅವರು ಬರುವಷ್ಟರಲ್ಲಿ ಕಲುಂಗಿ ಕೈಗವಸು ತೊಟ್ಟು ಸೂಜಿ ಎತ್ತಿಕೊಂಡಾಗಿತ್ತು. ಮುಬೀರು ಕಿಟಕಿಗೆ ಬೆನ್ನು ಹಾಕಿ ನಿಂತ. ಜಗಲಿಯ ತುಂಬ ರೋಗಿಗಳ ಕಡೆಯವರು ಕೂತಿದ್ದರು. ಅವರನ್ನೇ ನೋಡುತ್ತ, ಗೊನೆ, ಮೋರಿ, ಕಟ್ಟೆ, ಎಲ್ಲವನ್ನೂ ಹೇಳಿದ. ಒಬ್ಬ ಹೆಂಗಸು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಒಳಗೆ ತೇಯೋಪಿಸ್ಟಾ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು.

ಕಲುಂಗಿಯವರ ಸೂಜಿ ಹಿಡಿದ ಕೈ ಅಲ್ಲೇ ನಿಂತಿತು. ಅವರ ಬಾಯಿಂದ ಬಂದ ಮೊದಲ ಮಾತು ಇದು: "ಅತ್ತೆ ಅಳಿಯ ಒಂದೇ ಸೀಟಲ್ಲಿ ಕೂತ್ರಾ?"

ನಸ್ಸಾಲಿಗೆ ಇನ್ನು ತಡೆಯಲಾಗಲಿಲ್ಲ. "ಮಹಾಪಧಮನಿ ಹರಿದಿದೆ ಸರ್! ನೀವು ಸೀಟಿನ ಲೆಕ್ಕ ಕೇಳ್ತಿದ್ದೀರಾ? ಆ ಗೊನೆ ನಡುವೆ ಇಡದೆ ಇದ್ದಿದ್ರೆ ಈ ಹೆಂಗಸು ಅಳಿಯನ ಸೊಂಟ ಹಿಡ್ಕೊಂಡು ಸುಖವಾಗಿ ಹೋಗಿರ್ತಿದ್ರು!"

ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕೂಗಿದ್ದಳು. ಕಲುಂಗಿ ಸೂಜಿ ತಟ್ಟೆಗಿಟ್ಟರು, ಕೈಗವಸು ಕಿತ್ತರು, ತಾವೇ ಕಂಪಾಲಾದ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದರು. ತಪ್ಪಾಯಿತು ಎನ್ನುವ ಮಾತು ಮಾತ್ರ ಕೊನೆಗೂ ಅವರ ಬಾಯಿಂದ ಬರಲಿಲ್ಲ.

ಕಂಪಾಲಾದಲ್ಲಿ ರಕ್ತಕ್ಕೆ ಬಣ್ಣದ ಔಷಧಿ ಬಿಟ್ಟು ದೊಡ್ಡ ಸ್ಕ್ಯಾನ್ ಮಾಡಿದಾಗ, ಎಡಗೈಗೆ ಹೋಗುವ ಕವಲು ದಾಟಿದ ಕೂಡಲೇ ಮಹಾಪಧಮನಿಯಲ್ಲೊಂದು ತೂತು, ತೂತಿನಾಚೆ ಚೀಲ, ಸ್ಪಷ್ಟವಾಗಿ ಕಂಡವು. ಎದೆ ಕೊಯ್ಯಲಿಲ್ಲ. ತೊಡೆಸಂದಿಯ ರಕ್ತನಾಳದಿಂದ ಬಟ್ಟೆ ಹೊದಿಸಿದ ಲೋಹದ ಬಲೆಯ ಕೊಳವೆಯನ್ನು ಮಡಿಸಿ ಮೇಲಕ್ಕೆ ಕಳಿಸಿ, ತೂತಿನ ಜಾಗದಲ್ಲಿ ಬಿಚ್ಚಿದರು. ಚೀಲಕ್ಕೆ ರಕ್ತ ನುಗ್ಗುವುದು ನಿಂತಿತು. ದನಿ ಮಾತ್ರ ವಾಪಸು ಬರಲಿಲ್ಲ. ನರ ತೀರ ಹೆಚ್ಚು ಕಾಲ ನಲುಗಿತ್ತು. ಬೇಗ ಪತ್ತೆಯಾಗಿದ್ದರೆ ಬರುತ್ತಿತ್ತೇನೋ.

ತೇಯೋಪಿಸ್ಟಾಳನ್ನು ಹಳೆಯ ವಾರ್ಡಿಗೆ ಕರೆತಂದ ದಿನ ಕುಲದ ಹಿರಿಯ, ಅವಳ ಭಾವ, ಊರುಗೋಲು ಹಿಡಿದು ಬಂದು ಕುರ್ಚಿಯಲ್ಲಿ ಕೂತ. ಸುದ್ದಿ ಊರೆಲ್ಲ ಹಬ್ಬಿತ್ತು. "ಆ ಹುಡುಗ ಕಟ್ಟಳೆ ಮುರಿದ. ದಂಡಕ್ಕೆ ಆಡು ತರಬೇಕು, ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳಬೇಕು. ಅಲ್ಲೀವರೆಗೆ ಮಗಳು ತವರಿನ ಹೊಸಲು ತುಳಿಯೋ ಹಾಗಿಲ್ಲ," ಎಂದ.

"ಕ್ಷಯದ ಮಾತ್ರೆ ನುಂಗಿಸಿದೋರ ಹತ್ರ ಯಾವ ಆಡು ಕೇಳ್ತೀರಿ ತಾತ?" ಎಂದಳು ನಸ್ಸಾಲಿ.

"ಡಾಕ್ಟರಮ್ಮ, ಇದು ನಮ್ಮನೆ ಮಾತು."

ತೇಯೋಪಿಸ್ಟಾ ಮೆಲ್ಲಗೆ ಎದ್ದು ಕೂತಳು. ಕಿಟಕಿಯಾಚೆ, ಅಂದಿನಂತೆಯೇ ಬೆನ್ನು ಹಾಕಿ, ಬಾಳೆಎಲೆಯ ಪೊಟ್ಟಣ ಹಿಡಿದು ಮುಬೀರು ನಿಂತಿದ್ದ. ಅವಳು ಏನೋ ಅಂದಳು. ಅವನಿಗೆ ಕೇಳಲಿಲ್ಲ. ಇನ್ನೊಮ್ಮೆ ಅಂದಳು, ಒಂದು ಕಾಲಕ್ಕೆ ಚರ್ಚಿನ ಹೊರಗೂ ಕೇಳುತ್ತಿದ್ದ ದನಿ ಹಾಸಿಗೆಯ ಅಂಚು ದಾಟಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು, ದುಃಖಕ್ಕಲ್ಲ, ಕೋಪಕ್ಕೆ. ನಸ್ಸಾಲಿಯ ತೋಳು ಹಿಡಿದೆಳೆದು ಕಿವಿಯಲ್ಲಿ ಹೇಳಿದಳು.

ನಸ್ಸಾಲಿ ಕಿಟಕಿಗೆ ಹೋದಳು. ಹಿರಿಯನಿಗೂ, ವಾರ್ಡಿಗೂ, ಜಗಲಿಗೂ ಕೇಳುವ ಹಾಗೆ ಕೂಗಿದಳು: "ಮುಬೀರು! ನಿಮ್ಮತ್ತೆ ಹೇಳ್ತಿದಾರೆ, ಕೇಳಿ! 'ಹತ್ತಿಸ್ಕೊಳ್ಳಿ ಅಂದೋಳು ನಾನು. ಆಡು ಬೇಕಿದ್ದೋರು ನನ್ನನ್ನ ಕೇಳ್ಲಿ. ಅಳಿಯಂದ್ರೇ, ಈ ಕಡೆ ತಿರುಗಿ, ಊಟ ನೀವೇ ಕೊಡಿ!'"

ಮುಬೀರು ತಿರುಗಿದ. ತಲೆ ಎತ್ತದೆ, ಸರಳುಗಳ ನಡುವೆ ಪೊಟ್ಟಣ ಚಾಚಿದ. ಅವನ ಕೈ ನಡುಗುತ್ತಿತ್ತು. ಹಿರಿಯ ಅದನ್ನೇ ನೋಡುತ್ತಿದ್ದ.

ತೇಯೋಪಿಸ್ಟಾ ಹಾಸಿಗೆಯಿಂದಿಳಿದು, ಗೋಡೆ ಹಿಡಿದು ನಡೆದು ಹೋಗಿ, ಪೊಟ್ಟಣವನ್ನೂ ಅದರ ಜೊತೆಗೆ ಆ ಕೈಯನ್ನೂ ಹಿಡಿದುಕೊಂಡಳು.